ಎರಡಡಿಗೆ ಹಿಡಿಸದ ಮೀನು

ಆರಡಿಯ ಮೀನಿನ ಟ್ಯಾಂಕಿನ ಎಡಮೂಲೆಯಿಂದ ನೀರು ಜಿನುಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದವಳು ನನ್ನ ಹೆಂಡತಿ. ನೆಲ ಒರೆಸುವಾಗ ಆ ಒಂದು ಕಡೆ ಮಾತ್ರ ಎಷ್ಟು ಒರೆಸಿದರೂ ತೇವ ಆರುತ್ತಿರಲಿಲ್ಲವಂತೆ. ಬೆರಳಿನಿಂದ ಮುಟ್ಟಿ, ನಾಲಿಗೆಯ ತುದಿಗೆ ಇಟ್ಟುಕೊಂಡು, "ರೀ, ಇದು ನಲ್ಲಿ ನೀರಲ್ಲ, ನಿಮ್ಮ ಸಮುದ್ರ" ಎಂದಳು. ಅವಳ ಪರೀಕ್ಷೆಗಳೆಲ್ಲ ಹೀಗೆಯೇ. ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಹೇಳುವ ನಾಲಿಗೆಯ ಮೇಲೆ ಅವಳಿಗಿರುವ ನಂಬಿಕೆ ನನ್ನ ಯಾವ ಮಾಪಕದ ಮೇಲೂ ಇಲ್ಲ.

ನಿಜ ಹೇಳಬೇಕೆಂದರೆ ಒಂದು ತಿಂಗಳಿಂದ ನಾನೂ ಅದನ್ನು ನೋಡಿದ್ದೆ, ನೋಡದವನಂತೆ ಇದ್ದೆ. ಗಾಜುಗಳನ್ನು ಹಿಡಿದಿಟ್ಟಿದ್ದ ಸಿಲಿಕಾನ್ ಅಂಟು ಹಳದಿಗಟ್ಟಿ ಒಂದೆಡೆ ಸಿಪ್ಪೆಯ ಹಾಗೆ ಏಳತೊಡಗಿತ್ತು. ಕೆಳಗಿನ ಕಬ್ಬಿಣದ ಸ್ಟ್ಯಾಂಡಿನ ಕಾಲುಗಳನ್ನು ಉಪ್ಪು ತಿಂದುಹಾಕಿತ್ತು. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೆರಡು ವರ್ಷ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದೆ ಹಿಡಿದು, ಹುಡುಗರ ಕೆಲಸವನ್ನು ಮುಖಕ್ಕೆ ಎಸೆದು ಬಂದವನು ನಾನು. ನನ್ನದೇ ಮನೆಯ ಹಾಲಿನಲ್ಲಿ ಐನೂರು ಲೀಟರ್ ನೀರು ದಾರಿ ಹುಡುಕುತ್ತಿರುವುದನ್ನು ಒಪ್ಪಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ.

ಹಲಸೂರಿನ ನಮ್ಮ ಗಲ್ಲಿಯಲ್ಲಿ ನಮ್ಮದು 'ಮೀನ್ ವೀಡು', ಮೀನಿನ ಮನೆ. ಎದುರುಮನೆಯ ತಮಿಳು ಅಜ್ಜಿ, ಗಲ್ಲಿಗೆಲ್ಲ ಪಾಟಿ, ಇಟ್ಟ ಹೆಸರು, ಪೋಸ್ಟ್‌ಮ್ಯಾನ್‌ಗೂ ಅದೇ ಗುರುತು. ಹಾಲಿನಲ್ಲಿ ಆರಡಿಯದು, ಒಳಗಿನ ಓಣಿಯಲ್ಲಿ ನಾಲ್ಕಡಿಯದು, ಮೆಟ್ಟಿಲ ಕೆಳಗೆ ಕಾಯಿಲೆ ಬಿದ್ದ ಮೀನುಗಳಿಗೆಂದು ಮೂರಡಿಯದು. ಮೂರೂ ಸಮುದ್ರದ ಟ್ಯಾಂಕುಗಳು. ಹದಿನೆಂಟು ವರ್ಷ ಅವುಗಳಿಗಾಗಿ ನೀರು ಹೊತ್ತೆ. ಸಮುದ್ರದಿಂದ ಇಷ್ಟು ದೂರದ, ಇಷ್ಟು ಎತ್ತರದ ಊರಿನಲ್ಲಿ ಸಮುದ್ರ ಸಾಕುವುದೆಂದರೆ ಅದು ಹವ್ಯಾಸವಲ್ಲ, ಹಟ. ಹಟಕ್ಕೆ ನನ್ನಲ್ಲಿ ಯಾವತ್ತೂ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಬೆನ್ನಿನಲ್ಲಿ. ಎರಡು ವರ್ಷದ ಹಿಂದೆ ಡಿಸ್ಕ್ ಜಾರಿ ಆಪರೇಷನ್ ಆಯಿತು. "ಇನ್ಮೇಲೆ ಬಕೆಟ್ ಎತ್ತೋ ಹಾಗಿಲ್ಲ" ಎಂದು ಡಾಕ್ಟರು ಹೇಳಿದರು. ಆಗಲಿ ಎಂದು ತಲೆಯಾಡಿಸಿ ಬಂದು, ಹೆಂಡತಿ ತರಕಾರಿಗೆ ಹೋದಾಗಲೆಲ್ಲ ಕದ್ದು ಎತ್ತುತ್ತಿದ್ದೆ.

ಜಿನುಗುವ ನೀರನ್ನು ಅವಳು ರುಚಿ ನೋಡಿದ ದಿನ ಕದ್ದು ಎತ್ತುವುದಕ್ಕೂ ಕೊನೆ ಬಂತು. ಮೂರು ಹಳೆಯ ಟ್ಯಾಂಕುಗಳನ್ನು ತೆಗೆದು ಒಂದೇ ಒಂದು ಸಣ್ಣದನ್ನು ಇಡುವುದೆಂದು ತೀರ್ಮಾನವಾಯಿತು. ಕಡಿಮೆ ನೀರು, ಕಡಿಮೆ ಕೆಲಸ, ಕೂತುಕೊಂಡೇ ನೋಡಿಕೊಳ್ಳುವಂಥದ್ದು. ಕಿತ್ತಳೆ ಬಣ್ಣದ ಜೋಡಿ ಮೀನು ಅದರಲ್ಲಿ ಹಿಡಿಸುತ್ತದೆ, ನಾಲ್ಕಾರು ಅಣಬೆ ಹವಳ ಹಿಡಿಸುತ್ತದೆ, ಉಳಿದವನ್ನು ಗೊತ್ತಿದ್ದವರಿಗೆ ಕೊಡಬಹುದು. ಲೆಕ್ಕ ಸಲೀಸಾಗಿತ್ತು. ಲೆಕ್ಕಕ್ಕೆ ಸಿಗದಿದ್ದವನು ಒಬ್ಬನೇ, ಆರಡಿ ಟ್ಯಾಂಕಿನ ಹಳದಿ ಮೀನು.

ಇಂಗ್ಲಿಷಿನಲ್ಲಿ ಅವನಿಗೆ ನರಿಮುಖ ಎಂಬರ್ಥದ ಹೆಸರಿದೆ. ನರಿಯ ಹಾಗೆ ಮುಂದೆ ಚಾಚಿದ ಮೂತಿ, ಮುಖಕ್ಕೆ ಕಪ್ಪುಬಿಳಿ ಪಟ್ಟೆ, ಉಳಿದ ಮೈಯೆಲ್ಲ ಮಾಗಿದ ನಿಂಬೆಹಣ್ಣಿನ ಬಣ್ಣ. ತಂದಾಗ ಹೆಬ್ಬೆರಳಷ್ಟಿದ್ದ, ಏಳು ವರ್ಷದಲ್ಲಿ ಒಂದು ಗೇಣಾಗಿದ್ದ. ಹೆದರಿದರೆ ಅವನ ಹಳದಿ ಮಾಯವಾಗಿ ಮೈತುಂಬ ಕಂದು ಮಚ್ಚೆಗಳು ಏಳುತ್ತವೆ, ಹಳೆ ಗೋಣಿಚೀಲದ ಹಾಗೆ ಕಾಣುತ್ತಾನೆ. ಬೆನ್ನಿನ ಮುಳ್ಳುಗಳಲ್ಲಿ ವಿಷ ಬೇರೆ. ಒಮ್ಮೆ ಚುಚ್ಚಿಸಿಕೊಂಡು, ವಿಷ ಇಳಿಯಲೆಂದು ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಮನೆ ತುಂಬ ಕುಣಿದಿದ್ದೆ. ಅಂದಿನಿಂದ ನನಗೂ ಅವನಿಗೂ ಅಷ್ಟಕ್ಕಷ್ಟೆ. ಅವನು ನನ್ನ ಹೆಂಡತಿಯ ಮೀನು ಎಂಬುದು ನನಗೆ ತಡವಾಗಿ ತಿಳಿಯಿತು, ತಿಳಿಯಬೇಕಾದದ್ದೆಲ್ಲ ನನಗೆ ತಡವಾಗಿಯೇ ತಿಳಿಯುವ ಹಾಗೆ.

ಅದು ಹೇಗೆ ಅವಳ ಮೀನಾಯಿತು ಎಂದು ಹೇಳಬೇಕಾದರೆ ಆ ಹನ್ನೆರಡು ದಿನಗಳ ಕತೆ ಹೇಳಲೇಬೇಕು. ಹೇಳಲು ನನಗೆ ಇಷ್ಟವಿಲ್ಲ. ಆದರೂ ಹೇಳುತ್ತೇನೆ.

ಸಮುದ್ರದ ಮೀನು ಸಾಕುವವರ ಮನೆಯಲ್ಲಿ ಎರಡು ಬಗೆಯ ನೀರು ಇರಬೇಕು. ನಮ್ಮಲ್ಲಿ ನೀಲಿ ಡ್ರಮ್ಮಿನಲ್ಲಿ ಉಪ್ಪು ಬೆರೆಸಿದ ನೀರು, ಬಿಳಿ ಡ್ರಮ್ಮಿನಲ್ಲಿ ಸೋಸಿದ ಸಿಹಿನೀರು. ಟ್ಯಾಂಕಿನ ಕೊಳೆ ನೀರು ತೆಗೆದು ಹೊಸದು ಹಾಕುವಾಗ ನೀಲಿಯದು ಬೇಕು. ದಿನವೂ ಆವಿಯಾಗಿ ಇಳಿಯುವ ನೀರನ್ನು ತುಂಬಿಸಲು ಮಾತ್ರ ಬಿಳಿಯದೇ ಬೇಕು. ಏಕೆಂದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನಾವು ಮೀನು ಸಾಕುವವರಿಗೆ ಇದು ಅ ಆ ಇ ಈ ಇದ್ದ ಹಾಗೆ. ಅದಕ್ಕೇ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಆಪರೇಷನ್‌ಗೆ ಹೋಗುವ ಬೆಳಿಗ್ಗೆ ನಾನು ಅವಳಿಗೆ ಹೇಳಿದ್ದು ಇಷ್ಟೇ: "ದಿನಾ ನೀರು ಇಳಿಯುತ್ತೆ, ಮೇಲಿನವರೆಗೂ ತುಂಬಿಸ್ತಿರು." ಯಾವ ಡ್ರಮ್ಮು ಎಂದು ಹೇಳಲಿಲ್ಲ.

ಸಮುದ್ರದ ಮೀನಿಗೆ ಸಮುದ್ರದ ನೀರೇ ತಾನೆ ಎಂದು ಅವಳು ನೀಲಿ ಡ್ರಮ್ಮಿನಿಂದ ತುಂಬಿಸಿದಳು. ಆಸ್ಪತ್ರೆಯಲ್ಲಿ ನಾನಿದ್ದ ಐದು ದಿನ, ಮನೆಗೆ ಬಂದು ಮಂಚ ಬಿಟ್ಟು ಏಳದಿದ್ದ ಏಳು ದಿನ. ನನಗೆ ಊಟ, ಮಾತ್ರೆ, ಮೈ ಒರೆಸುವುದು ಎಲ್ಲ ಮುಗಿಸಿ ಆಮೇಲೆ ಬಕೆಟ್ ಹೊರುತ್ತಿದ್ದಳು. ನೀಲಿ ಡ್ರಮ್ಮು ಖಾಲಿಯಾದಾಗ ಪೊಟ್ಟಣದ ಮೇಲೆ ಬರೆದದ್ದನ್ನು ಓದಿ, ಅಡುಗೆಮನೆಯ ತಕ್ಕಡಿಯಲ್ಲಿ ಉಪ್ಪು ತೂಗಿ, ಮತ್ತೆ ಬೆರೆಸಿ ಇಟ್ಟಿದ್ದಳು. ಒಂದು ಗ್ರಾಮ್ ಹೆಚ್ಚುಕಡಿಮೆ ಆಗಬಾರದೆಂದು ಎರಡೆರಡು ಸಲ ತೂಗುತ್ತಿದ್ದಳಂತೆ.

ಹದಿಮೂರನೇ ದಿನ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು, ಅವಳ ಹೆಗಲು ಹಿಡಿದು ಹಾಲಿಗೆ ಬಂದೆ. ಹವಳಗಳು ಕರಗಿ ಲೋಳೆಯಾಗಿದ್ದವು. ಉಪ್ಪು ಅಳೆದು ನೋಡಿದೆ, ಮಾಪಕದ ಗೆರೆ ದಾಟಿತ್ತು. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. ಬಾಯಿಗೆ ಬಂದ ಹಾಗೆ ಕೂಗಾಡಿದೆ. "ಉಪ್ಪು ಎಲ್ಲೂ ಹೋಗಲ್ಲ ಕಣೇ, ನೀರು ಮಾತ್ರ ಹೋಗೋದು! ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದೀಯ, ಇಷ್ಟೂ ಗೊತ್ತಾಗ್ಲಿಲ್ವಾ?" ಅವಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು. ನನ್ನನ್ನು ನೋಡಲೆಂದು ಎದುರುಮನೆಯ ಪಾಟಿ ಇಡ್ಲಿ ತಂದು ಬಾಗಿಲಲ್ಲಿ ನಿಂತಿದ್ದರು. ಅವರು ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಸದ್ದಿಲ್ಲದೆ ಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ಆರಡಿಯ ಗಾಜಿನ ಮೇಲೆ, ನೀರು ಎಲ್ಲಿಯವರೆಗೆ ಇರಬೇಕೋ ಅಲ್ಲಿಗೆ ಸರಿಯಾಗಿ, ಒಂದು ಕೆಂಪು ಬೊಟ್ಟು ಅಂಟಿಸಿತ್ತು. ಅವಳು ಹಣೆಗಿಡುವ ಸ್ಟಿಕ್ಕರ್ ಬೊಟ್ಟು. "ನೀರು ಇದಕ್ಕಿಂತ ಕೆಳಗೆ ಬಂದ್ರೆ ಬಿಳಿ ಡ್ರಮ್ಮಿಂದು, ಅಷ್ಟೇ ತಾನೆ?" ಎಂದು ಕೇಳಿದಳು. "ಹೂಂ" ಎಂದೆ. ಕ್ಷಮಿಸು ಎನ್ನಬೇಕಿತ್ತು. ನನ್ನ ತಪ್ಪೂ ಇದೆ ಎನ್ನಬೇಕಿತ್ತು. ನಾಳೆ ಹೇಳೋಣ ಎಂದು ಬಿಟ್ಟೆ. ನಾಳೆ ನಾಳೆ ಎಂದು ಎರಡು ವರ್ಷವಾಯಿತು.

ಇದೆಲ್ಲ ಆಗಿ, ಟ್ಯಾಂಕು ಸೋರತೊಡಗಿದ ಮೇಲೆ, ನಾವಿಬ್ಬರೂ ಶಿವಾಜಿನಗರಕ್ಕೆ ಹೋದೆವು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರ ಮೀನಂಗಡಿ ಇದೆ. ಎಪ್ಪತ್ತು ದಾಟಿದವರು, ನನಗೆ ಮೊದಲ ಮೀನು ಕೊಟ್ಟವರು, ನಾನು ಭಾಯಿ ಎಂದೇ ಕರೆಯುವುದು. ನನ್ನ ಕಣ್ಣು ಹೋದದ್ದು ಒಂದು ನಾಲ್ಕಡಿ ಟ್ಯಾಂಕಿನ ಮೇಲೆ. ಹೊಸ ಗಾಜು, ಗೆರೆ ಎಳೆದಂಥ ಅಂಚು. ಅದರ ಸುತ್ತ ಎರಡು ಸಲ ಸುತ್ತಿದ್ದನ್ನು ಭಾಯಿ ನೋಡಿಬಿಟ್ಟರು.

"ನಕ್ಕೊ ಸಾಬ್, ಅದು ಬೇಡ" ಎಂದರು. "ಟ್ಯಾಂಕ್ ತಗೊಳ್ಳೋವಾಗ ಕಣ್ಣಿಗಲ್ಲ, ಬೆನ್ನಿಗೆ ಕೇಳ್ಬೇಕು. ನಾಲ್ಕಡಿ ಅಂದ್ರೆ ಮತ್ತೆ ಅದೇ ಡ್ರಮ್ಮು, ಅದೇ ಬಕೆಟ್ಟು. ಇದ್ ನೋಡಿ, ಎರಡಡಿ. ಫಿಲ್ಟರ್ ಎಲ್ಲ ಹಿಂದಿನ ಖಾನೆಯಲ್ಲಿ. ಹದಿನೈದು ದಿನಕ್ಕೊಂದ್ ಸಲ ಹತ್ತು ಲೀಟರ್ ಬದಲಾಯಿಸಿದ್ರೆ ಮುಗೀತು. ಅಣಬೆ ಹವಳ ಹಾಕಿ, ಅದು ಏನೂ ಕೇಳಲ್ಲ. ಅದರ ಪಾಡಿಗೆ ಅದು, ನಿಮ್ಮ ಪಾಡಿಗೆ ನೀವು."

ಚೆನ್ನಾಗಿಯೇ ಇತ್ತು. ಚೌಕನೆಯ, ಅಚ್ಚುಕಟ್ಟಾದ, ಕಿಟಕಿಯ ಪಕ್ಕದ ಮೇಜಿನ ಮೇಲೆ ಕೂರುವಂಥ ಟ್ಯಾಂಕು. ನಾನು ಟೇಪು ತೆಗೆದು ಉದ್ದ, ಅಗಲ, ಆಳ ಅಳೆದೆ. ಗಾಜಿನ ದಪ್ಪವನ್ನೂ ಅಳೆದೆ. ಅಷ್ಟು ಹೊತ್ತು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ನನ್ನ ಹೆಂಡತಿ ಎದ್ದು ಬಂದು ಗಾಜಿನೊಳಗೆ ಕೈ ಇಳಿಸಿದಳು. ಹೆಬ್ಬೆರಳು, ಕಿರುಬೆರಳು ಚಾಚಿ ಒಂದು ಗೇಣು ಇಟ್ಟು ನೋಡಿದಳು.

"ಭಾಯಿ, ಇದರಲ್ಲಿ ಅವನು ತಿರುಗಬಹುದಾ?"

ಅವನು ಎಂದರೆ ಯಾರು ಎಂದು ಭಾಯಿ ನನ್ನ ಮುಖ ನೋಡಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡರು. "ತಿರುಗ್ತಾನೆ ಭಾಭಿ. ಆದ್ರೆ ತಿರುಗಿ ಎಲ್ಲಿಗೆ ಹೋಗ್ತಾನೆ? ಅವನು ಓಡಾಡೋ ಜಾತಿ."

ಅವಳು ಕೈ ಹೊರಗೆ ತೆಗೆದಳು. ಆಮೇಲೆ ಭಾಯಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳು ಅವಳೇ. ಅವನು ಏನು ತಿನ್ನುತ್ತಾನೆ? ಪಾಲಕ್. ಎಳೆಯದೇ ಆಗಬೇಕು, ಕಡ್ಡಿ ತೆಗೆದು, ಕುದಿಯುವ ನೀರಲ್ಲಿ ಒಮ್ಮೆ ಅದ್ದಿ ಆರಿಸಬೇಕು. ಯಾವಾಗಿನಿಂದ? "ಇವರು ಆಸ್ಪತ್ರೇಲಿ ಇದ್ದಾಗ ಸಮುದ್ರದ ಸೊಪ್ಪು ಖಾಲಿ ಆಗಿತ್ತು. ಹಸಿದು ಗಾಜಿಗೆ ಮೂತಿ ಒತ್ಕೊಂಡು ನನ್ನೇ ನೋಡ್ತಿದ್ದ. ಮನೇಲಿದ್ದ ಪಾಲಕ್ ಕೊಟ್ಟೆ. ಆವತ್ತಿಂದ ಕೈಗೇ ಬರ್ತಾನೆ. ನಾನು ಅಷ್ಟು ಉಪ್ಪು ಹಾಕಿದ್ರೂ ಆ ಟ್ಯಾಂಕಲ್ಲಿ ಅವನೊಬ್ಬ ಬದುಕ್ಕೊಂಡ." ಇದನ್ನು ನಗುತ್ತಲೇ ಹೇಳಿದಳು. ದಿನಾ ಬೆಳಿಗ್ಗೆ ಕಾಫಿ ಲೋಟದೊಡನೆ ಅವಳು ಆರಡಿಯ ಮುಂದೆ ನಿಲ್ಲುವುದನ್ನು ನಾನು ನೋಡಿದ್ದೆ. ಟ್ಯಾಂಕಿನ ಮೇಲಿನ ದೂಳು ಒರೆಸುತ್ತಿದ್ದಾಳೆ ಎಂದುಕೊಂಡಿದ್ದೆ. ಮೂರು ಟ್ಯಾಂಕುಗಳನ್ನೂ ಸವತಿಯರು ಎಂದು ಹದಿನೆಂಟು ವರ್ಷ ಅಣಕಿಸಿದವಳು ಅವಳು.

"ನಾಲ್ಕಡೀನೇ ತಗೊಳ್ಳೋಣ ಬಿಡು" ಎಂದೆ.

"ಬಕೆಟ್ ಯಾರು ಎತ್ತೋದು?"

"ನಾನೇ."

"ಎತ್ತಿ, ಮತ್ತೆ ಮಂಚ ಹಿಡೀರಿ. ನಿಮ್ಮ ಬೆನ್ನಿಗಿಂತ ಮೀನು ಹೆಚ್ಚಾ?" ಎಂದವಳು ಭಾಯಿಯ ಕಡೆ ತಿರುಗಿ, "ಎರಡಡೀದೇ ಕೊಡಿ" ಎಂದಳು. ನಾನು ಇನ್ನೊಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಮಾತು ನನ್ನ ಬೆನ್ನಿಗೆ ಹಿತವಾಗಿತ್ತು.

ಹಳದಿಯವನಿಗೆ ಭಾಯಿಯೇ ದಾರಿ ತೋರಿಸಿದರು. ಫ್ರೇಜರ್ ಟೌನಿನ ಅವರ ಮನೆಯಲ್ಲಿ ಎಂಟಡಿಯ ಟ್ಯಾಂಕಿದೆ. ಅದರ ಮೀನುಗಳನ್ನು ಅವರು ಯಾರಿಗೂ ಕೊಡುವುದಿಲ್ಲ, ಅವರ ಹೆಂಡತಿ ಕೊಡಲು ಬಿಡುವುದಿಲ್ಲ. "ನನ್ನ ಮನೇಲಿ ಇರ್ಲಿ ಭಾಭಿ. ಅಂಗಡಿಗೆ ತರಲ್ಲ, ನನ್ನ ಮಾತು" ಎಂದರು.

ಅವನನ್ನು ಹಿಡಿಯಬೇಕಲ್ಲ. ಅದು ನನ್ನ ಕೆಲಸ ಎಂದು ತೊಡೆ ತಟ್ಟಿ ನಿಂತೆ. ಎರಡು ದಿನ ಬಲೆ ಹಿಡಿದು ನಿಂತದ್ದಷ್ಟೇ ಬಂತು. ಕಲ್ಲುಗಳ ಸಂದಿಯಲ್ಲಿ ಮೈಯೆಲ್ಲ ಕಂದು ಮಾಡಿಕೊಂಡು, ಮುಳ್ಳು ನಿಗುರಿಸಿಕೊಂಡು ಕೂತುಬಿಟ್ಟ. ಗಾಜಿನ ಬೋನು ಮಾಡಿ ಇಳಿಸಿದೆ. ಅದರೊಳಗೆ ಹೋದದ್ದು ಒಂದು ಸೀಗಡಿ. ಕಲ್ಲುಗಳನ್ನೆಲ್ಲ ಎತ್ತಿ ಹೊರಗಿಡೋಣವೆಂದರೆ ಅವು ಬಕೆಟ್ಟಿಗಿಂತ ಭಾರ. ಮೂರನೇ ದಿನ ಬೆಳಿಗ್ಗೆ ಅವಳು ಅಡುಗೆಮನೆಯಿಂದ ಅನ್ನ ಬಸಿಯುವ ತೂತಿನ ಪಾತ್ರೆಯನ್ನೂ ಒಂದು ಪಾಲಕ್ ಎಲೆಯನ್ನೂ ತಂದಳು. "ನೀವು ಸ್ವಲ್ಪ ಆಚೆ ಹೋಗಿ" ಎಂದಳು.

ಓಣಿಯಲ್ಲಿ ನಿಂತು ನೋಡಿದೆ. ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಿ ಹಿಡಿದು, ಅದರ ಮೇಲೆ ಇನ್ನೊಂದು ಕೈಯಲ್ಲಿ ಎಲೆ ಹಿಡಿದಳು. ಏನೋ ಮೆಲ್ಲಗೆ ಹೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ಐದು ನಿಮಿಷವೂ ಆಗಿರಲಿಕ್ಕಿಲ್ಲ. ಕಲ್ಲಿನ ಸಂದಿಯಿಂದ ಮೊದಲು ಮೂತಿ, ಆಮೇಲೆ ಮೈ ಹೊರಗೆ ಬಂತು. ಬರುಬರುತ್ತಾ ಮಚ್ಚೆಗಳೆಲ್ಲ ಅಳಿಸಿ ಹಳದಿಯಾದ. ನೇರವಾಗಿ ಅವಳ ಬೆರಳಿನ ಹತ್ತಿರ ಬಂದು ಎಲೆಗೆ ಬಾಯಿ ಹಾಕಿದ. ಅವಳು ಪಾತ್ರೆ ಎತ್ತಿದಳು.

ಬಕೆಟ್ಟಿನಲ್ಲಿ ಬಿಟ್ಟ ಮೇಲೆ ಅವನು ಒಮ್ಮೆಲೇ ಕಂದಾಗಿ ತಳ ಹಿಡಿದ. ಅವಳು ಬಕೆಟ್ಟಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ನಂಬಿ ಬಂದ ಕಣ್ರೀ" ಎಂದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಕೆಟ್ಟಿನ ಮುಚ್ಚಳ ಹುಡುಕಲು ಎದ್ದುಹೋದಳು.

ಆಟೋದಲ್ಲಿ ಬಕೆಟ್ಟು ಅವಳ ಕಾಲುಗಳ ನಡುವೆ ಇತ್ತು. ಗಾಳಿ ಊದುವ ಸಣ್ಣ ಪಂಪು ಜುಯ್ಯೆನ್ನುತ್ತಿತ್ತು. ಹಳ್ಳ ಬಂದಾಗಲೆಲ್ಲ "ನಿಧಾನ ಹೋಗಪ್ಪ" ಎಂದು ಡ್ರೈವರಿಗೆ ಹೇಳುತ್ತಿದ್ದಳು. ಒಳಗೆ ಏನಿದೆ ಅಮ್ಮ ಎಂದು ಅವನು ಕೇಳಿದಾಗ "ನಮ್ಮ ಮನೆಯವನು" ಎಂದಳು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ.

ಭಾಯಿಯ ಮನೆಯಲ್ಲಿ ಕೊಳವೆಯಿಂದ ಹನಿಹನಿಯಾಗಿ ಅಲ್ಲಿನ ನೀರನ್ನು ಬಕೆಟ್ಟಿಗೆ ಬಿಡುತ್ತಾ ಅವನನ್ನು ಅದಕ್ಕೆ ಒಗ್ಗಿಸಲು ಒಂದೂವರೆ ಗಂಟೆ ಹಿಡಿಯಿತು. ಭಾಯಿಯ ಹೆಂಡತಿ ಟೀ ಕೊಟ್ಟರು, ನನ್ನ ಹೆಂಡತಿಯ ಪಕ್ಕ ಕೂತು ಪಾಲಕ್ ವಿಷಯವನ್ನೆಲ್ಲ ಕೇಳಿಕೊಂಡರು. ಬಿಟ್ಟ ತಕ್ಷಣ ಅವನು ಎಂಟಡಿಯ ಆ ಕೊನೆಗೆ ಹೋಗಿ ಕಲ್ಲಿನ ಹಿಂದೆ ಅಡಗಿದ. ಇವಳು ಎಲೆ ಹಿಡಿದಳು. ಬರಲಿಲ್ಲ. ಬಹಳ ಹೊತ್ತು ಹಿಡಿದಳು. "ಹೋಗೋಣ ಬನ್ನಿ" ಎಂದಳು.

ಅದೇ ವಾರ ಹಳೆಯ ಮೂರೂ ಟ್ಯಾಂಕುಗಳು ಗುಜರಿಯ ಗಾಡಿ ಹತ್ತಿದವು. ಹಾಲಿನಲ್ಲಿ ನಮ್ಮ ಮಾತು ಗೋಡೆಗೆ ತಾಗಿ ವಾಪಸು ಬರುವಷ್ಟು ಜಾಗವಾಯಿತು. ಕಿಟಕಿಯ ಪಕ್ಕ ಎರಡಡಿಯದು ಬಂತು. ಹಳೆಯ ಕಲ್ಲುಗಳಲ್ಲಿ ನಾಲ್ಕು, ಕಿತ್ತಳೆ ಜೋಡಿ, ಭಾಯಿ ಕೊಟ್ಟ ಅಣಬೆ ಹವಳಗಳು. ಹಸಿರು, ನೇರಳೆ, ಒಂದೊಂದೂ ರೂಪಾಯಿ ನಾಣ್ಯದಷ್ಟು. ನನಗೋ ಹೊಸ ಮೆಷಿನ್ನು ಬಂದ ಹುಡುಗನ ಉತ್ಸಾಹ. ಡ್ರಮ್ಮುಗಳ ಬದಲು ನಲ್ಲಿ ಇರುವ ಹತ್ತು ಲೀಟರಿನ ಎರಡು ಬಿಳಿ ಕ್ಯಾನು ತಂದೆ, ಒಂದೇ ಅಳತೆ, ಒಂದೇ ಅಂಗಡಿಯವು. ಎಡಗಡೆಯದು ಸಿಹಿನೀರು, ಬಲಗಡೆಯದು ಉಪ್ಪುನೀರು. "ಚೀಟಿ ಅಂಟಿಸಬಾರದಾ?" ಎಂದಳು ಅವಳು. "ನನಗೇನು ಮರೆಯುತ್ತಾ?" ಎಂದೆ.

ಅವಳು ಹೊಸ ಟ್ಯಾಂಕಿನ ಮುಂದೆ ನಿಲ್ಲುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಹೋಗುತ್ತಿದ್ದಳು. ಸಿಟ್ಟೇನೂ ಇರಲಿಲ್ಲ, ಊಟ, ಮಾತು, ನನ್ನನ್ನು ರೇಗಿಸುವುದು ಎಲ್ಲ ಮೊದಲಿನ ಹಾಗೆಯೇ. ಆ ಮೂಲೆಯ ಕಡೆ ಮಾತ್ರ ನೋಡುತ್ತಿರಲಿಲ್ಲ. ಅಲ್ಲಿನ ನೆಲ ಒರೆಸುವುದೂ ನನ್ನ ಪಾಲಿಗೇ ಬಂತು.

ಮೂರು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಅಣಬೆ ಹವಳಗಳು ಮುದುರತೊಡಗಿದವು. ಮೊದಲ ದಿನ ದೀಪ ಜಾಸ್ತಿಯಾಯಿತೆಂದು ಕಡಿಮೆ ಮಾಡಿದೆ. ಮರುದಿನ ಪಂಪಿನ ಮೇಲೆ ಅನುಮಾನ ಬಂದು ಬಿಚ್ಚಿ ತೊಳೆದೆ. ಅದರ ಮರುದಿನ ಭಾಯಿಗೆ ಫೋನು ಮಾಡಿ, ನಿಮ್ಮ ಹವಳವೇ ಸರಿಯಿಲ್ಲ ಎಂದು ಜಗಳ ತೆಗೆದೆ. ಅವರು ತಣ್ಣಗೆ "ಉಪ್ಪು ನೋಡಿದ್ರಾ ಸಾಬ್?" ಎಂದರು. ಹದಿನೆಂಟು ವರ್ಷ ಮಾಡಿದವನಿಗೆ ಉಪ್ಪಿನ ಪಾಠವೇ ಎಂದು ಫೋನು ಇಟ್ಟೆ. ಮಾಪಕ ಇನ್ನೂ ಹಳೆಯ ಸಾಮಾನಿನ ಪೆಟ್ಟಿಗೆಯಲ್ಲೇ ಇತ್ತು.

ನನ್ನ ಗೊಣಗಾಟ ಕೇಳಲಾರದೆ ಅವಳು ಅಡುಗೆಮನೆಯಿಂದ ಬಂದಳು. ಹೊಸ ಟ್ಯಾಂಕಿನ ಮುಂದೆ ಮೊದಲ ಸಲ ಬಗ್ಗಿ ನೋಡಿದಳು. "ಅಯ್ಯೋ, ಒಣದ್ರಾಕ್ಷಿ ಆಗಿದಾವಲ್ರೀ" ಎಂದಳು. ಆಮೇಲೆ ಕೆಳಗಿದ್ದ ಕ್ಯಾನುಗಳನ್ನು ನೋಡಿದಳು. ಒಂದರ ನಲ್ಲಿ ತಿರುಗಿಸಿ ಬೆರಳಿಗೆ ಹನಿ ಹಿಡಿದು ನಾಲಿಗೆಯ ಮೇಲಿಟ್ಟುಕೊಂಡಳು. ಇನ್ನೊಂದರದ್ದನ್ನೂ.

"ದಿನಾ ತುಂಬಿಸೋಕೆ ಯಾವುದರಿಂದ ಹಾಕ್ತಿದೀರಿ?"

"ಎಡಗಡೆ."

"ನಾಲಿಗೆ ಮೇಲೆ ಇಟ್ಕೊಂಡ್ ನೋಡಿ."

ಇಟ್ಟುಕೊಂಡೆ. ಕಟುವಾದ ಉಪ್ಪು. ಒಂಬತ್ತು ದಿನದ ಹಿಂದೆ ನೆಲ ಒರೆಸಲೆಂದು ಎರಡನ್ನೂ ಎತ್ತಿ, ಅದಲುಬದಲಾಗಿ ಇಟ್ಟವನು ನಾನೇ. ಅಂದಿನಿಂದ ದಿನಾ ಬೆಳಿಗ್ಗೆ ಒಂದು ಲೀಟರ್ ಉಪ್ಪುನೀರನ್ನು ನನ್ನ ಕೈಯಾರೆ ಸುರಿದಿದ್ದೆ. ಅವಳು ಹನ್ನೆರಡು ದಿನ ಮಾಡಿದ ಅದೇ ತಪ್ಪನ್ನು ನಾನು ಒಂಬತ್ತು ದಿನ ಮಾಡಿದ್ದೆ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಎಲ್ಲ ಗೊತ್ತಿತ್ತು.

ತಲೆ ತಗ್ಗಿಸಿ ಕಾಯ್ದೆ. ಅವಳು ಅಂದು ನಾನು ಹೇಳಿದ್ದನ್ನೇ ನನಗೆ ತಿರುಗಿ ಹೇಳಿದ್ದರೂ ನ್ಯಾಯವೇ ಆಗಿತ್ತು. "ಏನೂ ಆಗಲ್ಲ ಬಿಡಿ" ಎಂದಳು ಅವಳು. "ಇನ್ನೂ ಜೀವ ಇದೆ. ಮೆಲ್ಲಗೆ ಸಿಹಿನೀರು ಸೇರಿಸೋಣ, ದಿನಾ ಸ್ವಲ್ಪ ಸ್ವಲ್ಪ. ಒಂದೇ ಸಲ ಮಾಡಿದ್ರೆ ಅವಕ್ಕೆ ತಡೆಯಲ್ಲ, ಆವತ್ತು ನೀವೇ ಹೇಳಿದ್ರಲ್ಲ."

"ಆವತ್ತು ನಾನು ಹಾಗೆ ಕೂಗಾಡಬಾರದಿತ್ತು ಕಣೇ" ಎಂದೆ. "ಯಾವ ಡ್ರಮ್ಮು ಅಂತ ನಾನೇ ಹೇಳಿರಲಿಲ್ಲ. ಅದೂ ಪಾಟಿ ಎದುರಿಗೆ."

"ಎರಡು ವರ್ಷ ಆಯ್ತು" ಎಂದಳು.

"ಗೊತ್ತು."

"ಪಾಟಿ ಇನ್ನೂ ಕೇಳ್ತಾರೆ, ನಿಮ್ಮ ಯಜಮಾನ್ರಿಗೆ ಕೋಪ ಇಳೀತಾ ಅಂತ" ಎಂದು ನಕ್ಕಳು. ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ನಾನು ಕ್ಯಾನಿನ ಮುಚ್ಚಳ ಬಿಗಿಮಾಡುವವನಂತೆ ಬಗ್ಗಿದೆ. ಅವಳು ರೂಮಿಗೆ ಹೋಗಿ, ಕನ್ನಡಿಯ ಮೇಲೆ ಅಂಟಿಸಿಟ್ಟಿದ್ದ ಬೊಟ್ಟುಗಳಲ್ಲಿ ಎರಡನ್ನು ಕಿತ್ತು ತಂದಳು. ಒಂದನ್ನು ಗಾಜಿನ ಮೇಲೆ, ನೀರಿನ ಮಟ್ಟಕ್ಕೆ ಸರಿಯಾಗಿ ಒತ್ತಿದಳು. ಇನ್ನೊಂದನ್ನು ಸಿಹಿನೀರಿನ ಕ್ಯಾನಿಗೆ ಅಂಟಿಸಿದಳು.

"ಗುರುವಾರ ನೀವೂ ಬನ್ನಿ" ಎಂದಳು ಆಮೇಲೆ.

"ಗುಡಿಗಾ?"

"ಯಾವ ಗುಡಿ? ಫ್ರೇಜರ್ ಟೌನಿಗೆ."

ಅವನನ್ನು ಬಿಟ್ಟುಬಂದ ಮೇಲೆ ಗುರುವಾರ ಗುರುವಾರ ಅವಳು ಮಧ್ಯಾಹ್ನ ಚೀಲ ಹಿಡಿದು ಹೊರಡುತ್ತಿದ್ದಳು. ಗುಡಿಗೆ ಎಂದು ನಾನೇ ಅಂದುಕೊಂಡಿದ್ದೆ, ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಚೀಲದಲ್ಲಿ ಇರುತ್ತಿದ್ದದ್ದು ಪಾಲಕ್. "ಭಾಯಿ ಮನೆಯವರು ಕೊಟ್ರೆ ತಿಂತಾನಂತೆ, ಚೆನ್ನಾಗಿ ಓಡಾಡ್ಕೊಂಡು ಇದಾನಂತೆ. ನನ್ನ ಕೈ ನೋಡಿದ್ರೆ ಸಾಕು, ಕಂದಾಗಿ ಒಳಗೆ ಹೋಗ್ತಾನೆ. ಮೂರು ವಾರಾನೂ ಹಾಗೇ" ಎಂದಳು.

"ಮತ್ತೆ ಯಾಕೆ ಹೋಗ್ತೀಯ?"

"ಹೋಗ್ದೆ ಇದ್ರೆ, ಅವನಿಗೂ ನನಗೂ ಆ ಪಾತ್ರೆ ಎತ್ತಿದ್ದೇ ಕೊನೇದಾಗಿಬಿಡುತ್ತಲ್ರೀ."

ಗುರುವಾರ ಜೊತೆಗೆ ಹೋದೆ. ಪಾಲಕ್ ನಾನೇ ಆರಿಸಿ ತಂದಿದ್ದೆ, ಕಡ್ಡಿಯನ್ನೂ ನಾನೇ ತೆಗೆದಿದ್ದೆ. ಭಾಯಿಗೆ ಮೊದಲು ಫೋನಿನ ಜಗಳದ ಬಗ್ಗೆ ತಪ್ಪಾಯಿತು ಎಂದೆ, ಅವರು "ಉಪ್ಪು ತಾನೇ ಸಾಬ್?" ಎಂದು ಕೇಳಿ, ನನ್ನ ಮುಖ ನೋಡಿ, ಸ್ಟೂಲು ತಂದು ಟ್ಯಾಂಕಿನ ಮುಂದಿಟ್ಟರು. ಎಂಟಡಿಯ ಆ ಕೊನೆಯಲ್ಲಿ ಹಳದಿಯವನು ಅತ್ತಿಂದಿತ್ತ ಓಡಾಡುತ್ತಿದ್ದ. ನಮ್ಮ ಮನೆಯಲ್ಲಿ ಇದ್ದದ್ದಕ್ಕಿಂತ ಬಣ್ಣ ಕಟ್ಟಿದ್ದ. ಅವಳು ಸ್ಟೂಲಿನ ಮೇಲೆ ಹತ್ತಿ, ಬಳೆ ಮೇಲಕ್ಕೆ ಸರಿಸಿ, ಮೊಣಕೈವರೆಗೆ ಕೈ ಇಳಿಸಿ ಎಲೆ ಹಿಡಿದಳು.

ಅವನು ನಿಂತ. ಅವಳ ಕೈಯನ್ನು ನೋಡಿದನೋ ಇಲ್ಲವೋ ನಾನು ಹೇಳಲಾರೆ, ಮೀನಿನ ಮನಸ್ಸು ನನಗೆ ಗೊತ್ತಿಲ್ಲ. ಆದರೆ ನಿಂತ. ನಾನು ಅವನ ಮೈಮೇಲೆ ಮಚ್ಚೆ ಏಳುತ್ತದೆಯೇ ಎಂದು ನೋಡುತ್ತಿದ್ದೆ. ಹತ್ತಿರ ಬರಲಿಲ್ಲ. ಕಲ್ಲಿನ ಹಿಂದೆಯೂ ಹೋಗಲಿಲ್ಲ. ರೆಕ್ಕೆ ಆಡಿಸುತ್ತಾ ಅಲ್ಲೇ ಇದ್ದ. ಕೈ ಸೋತು ಅವಳು ಎಲೆ ಬಿಟ್ಟಳು. ನೀರಿನ ಹರಿವಿಗೆ ಅದು ತೇಲುತ್ತಾ ಆ ಕಡೆಗೆ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಅವನು ಅದರ ಅಂಚನ್ನು ಕಚ್ಚಿದ.

ಅವಳು ಸ್ಟೂಲಿನಿಂದ ಇಳಿದಳು. ಕೈ ಒರೆಸಿಕೊಳ್ಳುವುದನ್ನೂ ಮರೆತು ಗಾಜನ್ನೇ ನೋಡುತ್ತಾ ನಿಂತಿದ್ದಳು, ಬೆರಳಿನಿಂದ ಹನಿ ಬೀಳುತ್ತಿತ್ತು. ಜೇಬಿನಿಂದ ಕರ್ಚೀಫು ತೆಗೆದು ಮೊಣಕೈಯಿಂದ ಬೆರಳಿನವರೆಗೆ ನಾನೇ ಒರೆಸಿದೆ.

"ನೋಡಿದ್ರಾ," ಎಂದಳು, "ಕಂದಾಗಲಿಲ್ಲ."

"ನೋಡಿದೆ" ಎಂದೆ.